ಕೈಗೆ ಗೊತ್ತಾಗುವ ಪಾಠ

ಕುಮುಶಾಯ್ ಮಕ್ಕಳ ಕಣ್ಣಿಗೆ ಒಬ್ಬೊಬ್ಬರಾಗಿ ಬಟ್ಟೆ ಕಟ್ಟುತ್ತ ಬಂದಳು. ಎರ್ಮೆಕ್‌ನ ಸರದಿ ಬಂದಾಗ ಅವಳ ಕೈ ಗಂಟಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಅವನ ಕೂದಲಲ್ಲಿ ಹೊಗೆಯ ವಾಸನೆಯಿತ್ತು, ಅವಳ ಅತ್ತೆಯ ಗುಡಾರದ ಹೊಗೆ.

"ಎಜೆ, ಬಿಗಿ ಆಯ್ತು," ಎಂದ.

ಹುಲ್ಲುಗಾವಲಿನ ಆ ಶಿಶುವಿಹಾರದಲ್ಲಿ ಎಲ್ಲ ಮಕ್ಕಳೂ ಅವಳನ್ನು ಎಜೆ, ಅಕ್ಕ, ಎಂದೇ ಕರೆಯುತ್ತಿದ್ದರು. ಅವಳು ಹೆತ್ತ ಮಗನೂ ಹಾಗೇ ಕರೆಯುತ್ತಿದ್ದ. ಅಲ್ಲಿಯ ಪದ್ಧತಿಯಂತೆ ಚೊಚ್ಚಲು ಮಗು ಅಜ್ಜ ಅಜ್ಜಿಯರ ಪಾಲು. ಹಾಲು ಬಿಡಿಸುತ್ತಿದ್ದಂತೆ ಅತ್ತೆ ಬಾತ್ಮಾ ಬಂದು ಎತ್ತಿಕೊಂಡು ಹೋಗಿದ್ದಳು. ಅದನ್ನು ಯಾರೂ ತಪ್ಪೆಂದಿರಲಿಲ್ಲ, ಕುಮುಶಾಯ್ ಕೂಡ. ಈಗ ಅವನಿಗೆ ಬಾತ್ಮಾಳೇ ಅಪಾ, ಅಮ್ಮ. ಬೇರೆ ಅಮ್ಮ ಇದ್ದಾಳೆಂದು ಯಾರೂ ಹೇಳಿರಲಿಲ್ಲ. ಅವನ ಹತ್ತಿರ ಇರಲೆಂದೇ ಅವಳು ಬೇಸಿಗೆಯಲ್ಲಿ ಈ ಗುಡ್ಡದ ಕೆಲಸ ಕೇಳಿ ಪಡೆಯುತ್ತಿದ್ದಳು. ಇದು ಕೊನೆಯ ಬೇಸಿಗೆ. ಮಂದೆಯೊಂದಿಗೆ ಗುಡ್ಡದಿಂದ ಕೆಳಗಿಳಿದ ಮೇಲೆ ಅವನು ಶಾಲೆಗೆ ಸೇರಬೇಕು. ನರಿನ್ ಪೇಟೆಯಲ್ಲಿ, ತನ್ನ ಮನೆಯಿಂದಲೇ ಹೋಗಲಿ ಎಂದು ಇವತ್ತು ಅತ್ತೆಯನ್ನು ಕೇಳಿಬಿಡಬೇಕು.

"ಬಾಯಲ್ಲಿ ಹೇಳ್ಬೇಡಿ," ಎಂದಳು ಮಕ್ಕಳಿಗೆ. "ಮರಿ ಕಿವಿ ಮುಟ್ಟಿ, ಹಣೆ ಸುಳಿ ಹುಡುಕಿ. ಮೊದ್ಲು ಕೈಗೆ ಗೊತ್ತಾಗ್ಲಿ."

ಮಕ್ಕಳು ರೊಪ್ಪದೊಳಗೆ ತಡವರಿಸಿದರು. ಕುರಿಮರಿಗಳು ಅವರ ಕಾಲ ಸಂದಿಯಲ್ಲೇ ನುಸುಳಾಡಿದವು.

"ಸಿಕ್ತು! ಇದು ನಮ್ಮ ಗಿಡ್ಡಿ!" ಎಂದು ಜಿಬೆಕ್ ಕೂಗಿದಳು.

"ಗಿಡ್ಡಿ ಅಲ್ಲ ಕಣೇ, ನನ್ನ ಮೊಣಕಾಲು," ಎಂದ ಎರ್ಮೆಕ್.

ಸಂಜೆ ತಾಯಿಕುರಿಗಳು ಇಳಿಜಾರಿನಲ್ಲಿ ಕಾಣಿಸಿಕೊಂಡವು. ಮಕ್ಕಳು ಚದುರಿದರು. ಎರ್ಮೆಕ್‌ನನ್ನು ಕರೆದೊಯ್ಯಲು ಬಾತ್ಮಾ ಬಂದಳು.

"ಅಪಾ, ಒಂದು ಮಾತು ಕೇಳ್ಬೇಕಿತ್ತು," ಎಂದಳು ಕುಮುಶಾಯ್.

"ಗೊತ್ತು ಬಿಡು. ಗಂಟಲಲ್ಲಿ ಮೂಳೆ ಸಿಕ್ಕೋರ ಹಾಗೆ ಬೇಸಿಗೆಯಿಡೀ ಒದ್ದಾಡ್ತಿದ್ದೀಯ." ಮುದುಕಿ ಬೇರೆಲ್ಲೋ ನೋಡುತ್ತಿದ್ದಳು. "ಅವನನ್ನೇ ಕೇಳು. ಬರ್ತೀನಿ ಅಂದ್ರೆ ಕಳಿಸ್ತೀನಿ."

ಇಷ್ಟು ಸುಲಭವಾಗುತ್ತದೆಂದು ಕುಮುಶಾಯ್ ಅಂದುಕೊಂಡಿರಲಿಲ್ಲ. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಎರ್ಮೆಕ್, ಶಾಲೆಗೆ ನನ್ನ ಜೊತೆ ಪೇಟೆಗೆ ಬರ್ತೀಯಾ? ನಮ್ಮನೇಲೇ ಇರ್ಬಹುದು."

ಅವನು ಗಂಭೀರವಾಗಿ ಯೋಚಿಸಿದ. "ಅಪಾನೂ ಬರ್ತಾಳಾ?"

"ಇಲ್ಲ."

"ಹಾಗಾದ್ರೆ ಆಗಲ್ಲ ಎಜೆ. ಸಂಜೆ ಆದ್ರೆ ಅಪಾಗೆ ಕಣ್ಣು ಕಾಣಲ್ಲ. ಯಾವ ಮರಿ ಯಾವ ತಾಯಿದು ಅಂತ ನಾನೇ ಮುಟ್ಟಿ ಹೇಳ್ಬೇಕು. ನೀವೇ ಕಲಿಸಿದ್ರಲ್ಲ?"

ಅವನು ಓಡಿಹೋಗಿ ರೊಪ್ಪದ ಬಾಗಿಲು ತೆಗೆದ. ಮರಿಗಳು ಅರಚುತ್ತ ನುಗ್ಗಿ ತಾಯಿಗಳ ಕೆಚ್ಚಲಿಗೆ ಬಾಯಿ ಹಾಕಿದವು. ಒಂದು ಮರಿ ಮಾತ್ರ ಎಲ್ಲ ಕಡೆ ಒದೆ ತಿಂದು ಅಲೆಯುತ್ತಿತ್ತು. ಅವನು ಅದನ್ನು ಹಿಡಿದು ಹಣೆ ಸವರಿದ, ತೋಳಲ್ಲೆತ್ತಿ ಸರಿಯಾದ ಕುರಿಯ ಹತ್ತಿರ ಬಿಟ್ಟ. ಆ ಬೆರಳುಗಳನ್ನು ಹಿಂದೊಮ್ಮೆ ಒಂದೊಂದಾಗಿ ಹಿಡಿದು ಮರಿಯ ಹಣೆಯ ಮೇಲೆ ಇಟ್ಟವಳು ಅವಳೇ.

"ಚಹಾ ಕುಡಿದು ಹೋಗು," ಎಂದಳು ಬಾತ್ಮಾ.

ಗುಡಾರದೊಳಗೆ ಕುಮುಶಾಯ್ ಬಾಗಿಲ ಪಕ್ಕದಲ್ಲಿ, ಚಹಾ ಹಾಕಿಕೊಡುವ ಸೊಸೆಯ ಜಾಗದಲ್ಲಿ ಕೂರಹೋದಳು. ಎರ್ಮೆಕ್ ಅವಳ ತೋಳು ಹಿಡಿದೆಳೆದ.

"ಅಲ್ಲಲ್ಲ, ಮೇಲೆ ಬನ್ನಿ. ನೀವು ನೆಂಟರು."

ಅವನು ತೋರಿಸಿದ್ದು ಬಾಗಿಲಿಗೆ ಎದುರಿನ, ದೊಡ್ಡ ಅತಿಥಿಗಳ ಜಾಗ. ಅತ್ತೆಯ ಮುಂದೆ ಸೊಸೆಯಾದವಳು ಅಲ್ಲಿ ಕೂರುವುದುಂಟೇ? ಅವಳು ಬಾತ್ಮಾಳ ಮುಖ ನೋಡಿದಳು. ಮುದುಕಿ ಚಹಾದ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು.

"ಕೂತ್ಕೋ ಮಗಳೇ. ಕರೀತಿದ್ದಾನಲ್ಲ."

ಕುಮುಶಾಯ್ ಹೋಗಿ ಕೂತಳು. ಎರ್ಮೆಕ್ ರೊಟ್ಟಿ ಮುರಿದು ಅವಳ ಮುಂದಿಟ್ಟ. ಕೆನೆಯ ಬಟ್ಟಲನ್ನು ಹತ್ತಿರ ತಳ್ಳಿ, ಅವಳು ತಿನ್ನುವುದನ್ನೇ ಕಾಯುತ್ತ ಎದುರಿಗೆ ಮಂಡಿಯೂರಿದ.