ಕಾರಂಜಿಗೆ ನಮ್ಮ ನೀರು

"ಕಾಲು ತೊಳ್ಕೊಂಡು ಬಾರೇ ಮುಂಡೇದೇ! ಬಿಳಿ ಕಲ್ಲಿನ ಮೇಲೆ ಅದೇನೇ ಹೆಜ್ಜೆ, ನಿಮ್ಮಪ್ಪ ಹಾಸಿದ್ದಾ ಇದನ್ನ?"

ಮೇಸ್ತ್ರಿ ಮೂಗಿಗೆ ಟವೆಲ್ ಒತ್ತಿಕೊಂಡು ಕೂಗಿದ. ನಮ್ಮಪ್ಪ ಹಾಸಿದ್ದಲ್ಲ, ನಾನೇ ಹಾಸಿದ್ದು. ಕಲ್ಲು ಹೊತ್ತವಳು, ಸಿಮೆಂಟು ಕಲಸಿದವಳು, ಸಂದುಗಳನ್ನು ಬಟ್ಟೆಯಲ್ಲಿ ಒರೆಸಿ ಹೊಳಪು ಬರಿಸಿದವಳು ನಾನು. ಆದರೆ ಹೆಜ್ಜೆಯೂ ನನ್ನದೇ. ಕಂದು ಬಣ್ಣದ ಆ ನಾರುವ ಹೆಜ್ಜೆ ಒಂದರ ಹಿಂದೊಂದು ಕಾರಂಜಿಯ ಕಟ್ಟೆಯವರೆಗೂ ಬಂದಿತ್ತು.

"ಎಲ್ಲಿ ತೊಳ್ಕೊಳ್ಳಲಿ ಮೇಸ್ತ್ರೀ? ನಮ್ ಬೀದೀಲಿ ನಲ್ಲಿನೇ ಮುಳುಗೋಗಿದೆ."

"ಹಂಗಾದ್ರೆ ನೆಕ್ಕೊಂಡು ಬಾ."

ಕಲ್ಲು ಉಜ್ಜುತ್ತಿದ್ದ ಇಬ್ಬರು ಕಿಸಕ್ಕೆಂದು ನಕ್ಕರು. ಅವರೂ ನಮ್ಮ ಬೀದಿಯವರೇ. ಮೇಸ್ತ್ರಿಯ ಜೋಕಿಗೆ ನಗದಿದ್ದರೆ ಮಾರನೆಯ ದಿನ ಕೂಲಿ ಇಲ್ಲ.

ನಮ್ಮ ಬೀದಿ ಕಾರಂಜಿ ಕಟ್ಟಿದ ಸರ್ಕಲ್ಲಿನ ಬೆನ್ನಿಗೇ ಇದೆ. ಬೀದಿಯ ಕಕ್ಕಸಿನ ನೀರೆಲ್ಲ ಒಂದೇ ಕೊಳವೆಯಲ್ಲಿ ಬಂದು ಇಲ್ಲಿ ದೊಡ್ಡ ಮೋರಿಗೆ ಸೇರುತ್ತದೆ. ಸೇರುವ ಜಾಗದಲ್ಲಿ ಒಂದು ಮ್ಯಾನ್‌ಹೋಲ್ ಇತ್ತು. ಕೊಳವೆ ಕಟ್ಟಿಕೊಂಡಾಗೆಲ್ಲ ನಮ್ಮ ಭಾವ ಮುಚ್ಚಳ ಎತ್ತಿ, ಸೀಳಿದ ಬಿದಿರನ್ನು ಒಂದಕ್ಕೊಂದು ಕಟ್ಟಿ ಒಳಗೆ ತೂರಿಸುತ್ತಿದ್ದ. ಅವನ ಹೆಸರೇ ಬಿದಿರು ಭಾವ ಅಂತಾಗಿತ್ತು. ನಮಗೆಲ್ಲ ಅವನೇ ನಗರಸಭೆ. ಕಾರಂಜಿ ಕಟ್ಟುವಾಗ ಆ ಮುಚ್ಚಳ ಅಸಹ್ಯವಾಗಿ ಕಾಣುತ್ತದೆಂದು ಇಂಜಿನಿಯರ್ ಅದರ ಮೇಲೂ ಕಲ್ಲು ಹಾಸಿಸಿದ. "ಕೆಳಗೇನಿದೆ ಗೊತ್ತಾ ಸಾರ್?" ಎಂದು ಭಾವ ಕೇಳಿದ್ದಕ್ಕೆ, "ಗೊತ್ತು ಕಣಯ್ಯಾ, ಅದಕ್ಕೇ ಮುಚ್ತಿರೋದು" ಅಂದಿದ್ದ.

ಈಗ ಕೊಳವೆ ಕಟ್ಟಿಕೊಂಡಿದೆ. ಬೀದಿಯೆಲ್ಲ ಹೊರಗೆ ಹಾಕಿದ್ದು ಮನೆಗಳಿಗೇ ವಾಪಸು ಬರುತ್ತಿದೆ. ನಮ್ಮದು ತಗ್ಗಿನ ಮನೆ, ಮೊದಲು ತುಂಬುವುದು ಅದೇ. ಒಳಗೆ ಮಂಚದ ಮೇಲೆ ಹಸಿ ಬಾಣಂತಿ ಮಗಳು, ಅವಳ ಮಗ್ಗುಲಲ್ಲಿ ಕೂಸು.

ಇಂಜಿನಿಯರ್ ಬಣ್ಣದ ಲೈಟು ನೋಡಲು ಬಂದಾಗ ನಾನು ಕೈಮುಗಿದು ಎದುರಿಗೆ ನಿಂತೆ.

"ಸಾರ್, ಆ ಒಂದು ಕಲ್ಲು ಎಬ್ಬಿಸಿಕೊಡಿ. ಭಾವ ಬಿದಿರು ತೂರಿಸ್ತಾನೆ. ಆಮೇಲೆ ನಾನೇ ಪುಕ್ಕಟೆ ಕೂರಿಸ್ತೀನಿ. ಮನೇಲಿ ಬಾಣಂತಿ ಇದಾಳೆ."

"ನಾಳೆ ಮಂತ್ರಿಗಳು ಬರ್ತಾರೆ, ಇವತ್ತು ಕಲ್ಲು ಎಬ್ಬಿಸ್ಬೇಕಾ? ನೋಡಮ್ಮ, ಇದು ಊರಿನ ಅಂದಕ್ಕೆ ಅಂತ ಬಂದಿರೋ ದುಡ್ಡು. ಮೋರೀದು ಬೇರೆ ಬಾಬ್ತು. ಆ ದುಡ್ಡು ಬಂದಾಗ ಮೋರಿ."

"ಯಾವಾಗ್ ಬರುತ್ತೆ ಸಾರ್?"

ಅವನು ಮೇಸ್ತ್ರಿಯ ಕಡೆ ತಿರುಗಿದ. "ಈ ನೀಲಿ ಸ್ವಲ್ಪ ಜಾಸ್ತಿ ಆಯ್ತು ಅನ್ಸಲ್ವಾ?"

ಸಂಜೆಗೆ ನಮ್ಮ ಬೀದಿಯ ಬಾಯಿಗೆ ಪರದೆ ಬಿತ್ತು. ಕಾಡು, ಜಲಪಾತ, ನೀರು ಕುಡಿಯುವ ಜಿಂಕೆ, ಎಲ್ಲ ಅಚ್ಚಾಗಿದ್ದ ಪರದೆ. ಅದರ ಬುಡಕ್ಕೆ ಬ್ಲೀಚಿಂಗ್ ಪೌಡರ್ ಸುರಿದರು. ಮುಚ್ಚಿದ ಮ್ಯಾನ್‌ಹೋಲಿನ ಮೇಲೆ ಸರಿಯಾಗಿ ವೇದಿಕೆ ಕಟ್ಟಿ, ಕಾವಲಿಗೆ ಪೊಲೀಸರನ್ನು ಕೂರಿಸಿದರು.

"ನಾಳೆ ಮಧ್ಯಾಹ್ನದವರೆಗೂ ಒಬ್ಬರೂ ಈಚೆ ತಲೆ ಹಾಕ್ಬಾರ್ದು," ಅಂದ ಮೇಸ್ತ್ರಿ. "ಕಕ್ಕಸ್ಗೂ ಹೋಗ್ಬೇಡಿ, ಒಂದಿನ ಬಿಗಿ ಹಿಡ್ಕೊಳ್ಳಿ."



ಬೆಳಗ್ಗೆ ಮಂಚದ ಕಾಲಿಗೆ ಕೊಟ್ಟಿದ್ದ ಇಟ್ಟಿಗೆಗಳು ಮುಳುಗಿದ್ದವು. ಮಗಳು ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಒತ್ತಿ ಕೂತಿದ್ದಳು.

"ಅಮ್ಮಾ, ಹಾಲು ಕುಡಿಸ್ತಾ ಇದ್ರೆ ನಂಗೇ ವಾಂತಿ ಬರ್ತಿದೆ. ಇನ್ನು ಇದಕ್ಕೇನಾದ್ರೂ ಆದ್ರೆ?"

ನಾನು ಬಕೆಟ್ ತೆಗೆದುಕೊಂಡು ತೋಡತೊಡಗಿದೆ. ಬೀದಿಗೆ ಸುರಿದದ್ದು ಬಂದ ದಾರಿಯಲ್ಲೇ ವಾಪಸು ಬಂತು. ನಾನು ಸುರಿದದ್ದು ಪಕ್ಕದ ಮನೆಯ ಇಸ್ತ್ರಿ ಅಕ್ಕನ ಹೊಸ್ತಿಲಿಗೆ, ಅವಳು ಸುರಿದದ್ದು ನಮ್ಮ ಹೊಸ್ತಿಲಿಗೆ. ಇಬ್ಬರ ಸೊಂಟವೂ ಬಿದ್ದುಹೋಯಿತು.

"ಎಲ್ಲಿಗಂತ ಹಾಕೋದೇ ಇದನ್ನ? ನಮ್ ತಲೆ ಮೇಲೇ ಸುರ್ಕೊಳ್ಳೋದಾ?" ಅಂದಳು ಇಸ್ತ್ರಿ ಅಕ್ಕ.

"ಕಾರಂಜಿಗೆ."

"ಏನಂದೆ?"

"ತೊಟ್ಟಿ ಬುಡದಲ್ಲಿ ಒಂದು ಕೊಳವೆ ಇದೆ, ಸೀದಾ ದೊಡ್ಡ ಮೋರಿಗೆ ಹೋಗುತ್ತೆ. ಈ ಏರಿಯಾಗೆಲ್ಲ ಕಟ್ಕೊಳ್ದೆ ಇರೋ ಕೊಳವೆ ಅದೊಂದೇ ಅಕ್ಕಾ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಂಬಿದ ಬಕೆಟ್ ಎತ್ತಿದಳು. "ನಡಿ ಮತ್ತೆ."

ಬಾಗಿಲು ಬಾಗಿಲಿನಿಂದ ಬಕೆಟ್ಟು, ಬಿಂದಿಗೆ, ಡಬ್ಬ ಹೊರಬಿದ್ದವು. ಬಿದಿರು ಭಾವ ಮುಂದೆ ಹೋಗಿ ಪರದೆಯನ್ನು ಕುಡುಗೋಲಿನಿಂದ ಸೀಳಿದ, ಜಿಂಕೆಯ ಹೊಟ್ಟೆಗೆ ಸರಿಯಾಗಿ.

ಆಚೆ ಶಾಮಿಯಾನ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳು. ಮೈಕಿನಲ್ಲಿ ಯಾರೋ "ನಮ್ಮ ನಗರದ ಮುಕುಟಮಣಿ" ಅನ್ನುತ್ತಿದ್ದರು. ಮಂತ್ರಿ ಗುಂಡಿ ಒತ್ತಲು ಬೆರಳು ಚಾಚಿದ್ದ. ನಾನು ಬಿಳಿ ಕಲ್ಲಿನ ಮೇಲೆ ಅದೇ ಕಾಲಲ್ಲಿ ನಡೆದೆ.

"ಏಯ್! ಎಲ್ಲಿಗೆ ಬರ್ತಿದೀಯೇ ಲೌಡಿ!" ಮೇಸ್ತ್ರಿ ಅಡ್ಡ ಬಂದ.

"ಸರಿಯೋ ಬೋಳಿಮಗನೆ, ಕೈ ನೋಯ್ತಿದೆ."

ಅವನು ನಿಜವಾಗಿಯೂ ಸರಿದ. ಮೈಮೇಲೆ ಚೆಲ್ಲೀತು ಎಂಬ ಹೆದರಿಕೆ. ನಾನು ಬಕೆಟ್ಟನ್ನು ತೊಟ್ಟಿಗೆ ಬಗ್ಗಿಸಿ, ಒಳಗೆ ಇಳಿದು, ಬುಡದ ಬಿರಡೆ ಕಿತ್ತೆ. ನೀಲಿ ನೀರು ಕಂದಾಯಿತು, ಗರಗರ ಸುತ್ತಿತು, ಗಳಗಳನೆ ಇಳಿಯಿತು. ಅದು ಇಳಿದ ಚೆಂದಕ್ಕೆ ನನಗೆ ಅಳುವೇ ಬಂತು.

ಇಂಜಿನಿಯರ್ ಓಡಿಬಂದ. "ಹುಚ್ಚು ಹಿಡಿದಿದ್ಯಾ ನಿಂಗೆ? ಇದನ್ನ ಅಂದಕ್ಕೆ ಕಟ್ಟಿರೋದು!"

"ಗೊತ್ತು ಸಾರ್. ಮೋರಿ ದುಡ್ಡು ಬರೋವರೆಗೂ ಇದೇ ನಮ್ಮ ಮೋರಿ."

ಪೊಲೀಸನ ಲಾಠಿ ಬೆನ್ನಿಗೆ ಬಿತ್ತು. ಬಿರಡೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಕಟ್ಟೆ ಹತ್ತಿದೆ. ಇಸ್ತ್ರಿ ಅಕ್ಕ ತನ್ನ ಬಕೆಟ್ ಸುರಿದಳು, ಅವಳ ಹಿಂದೆ ಬಿದಿರು ಭಾವ. ಎರಡನೇ ಏಟು ಭುಜಕ್ಕೆ ಬಿತ್ತು. ನಿನ್ನೆ ಕಲ್ಲು ಉಜ್ಜುತ್ತಾ ನಕ್ಕಿದ್ದ ಇಬ್ಬರೂ ಡಬ್ಬ ಹಿಡಿದು ಸಾಲಿನಲ್ಲಿ ಬರುತ್ತಿದ್ದರು. ನಾನು ಖಾಲಿ ಬಕೆಟ್ ಎತ್ತಿಕೊಂಡು, ಮಂಚದ ಕೆಳಗಿನದನ್ನು ತರಲು ಹೊರಟೆ.