ನೂರಾ ಎಂಬತ್ತಾರು ದೃಷ್ಟಿಬೊಟ್ಟು

ನಾಗವೇಣಿ ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೀಬೋರ್ಡಿನ ಸಂದುಗಳನ್ನು ಒರೆಸುತ್ತಿದ್ದಳು. ಮಾತಿಲ್ಲ. ಶಿರಾದ ಆ ಸ್ಟುಡಿಯೊದಲ್ಲಿ ಆರು ತಿಂಗಳಿಂದ ಅವಳ ಕೆಲಸ ಒರೆಸುವುದು, ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು, ಅಷ್ಟೇ. ಅಂದು ಮಾಲೀಕ ಜಹೀರಣ್ಣ ಕುರ್ಚಿ ಎಳೆದು, "ಕೂತ್ಕೊ. ಇವತ್ತು ಕಂಪ್ಯೂಟರ್ ನಿಂದು. ಇದು ಸರಿಹೋದ್ರೆ ಕತ್ತರಿ ಬಿಟ್ಬಿಡು" ಎಂದರು.

ನಾನು ಹುಟ್ಟಿದ್ದು ಹಾಗೆ. ನಾನೊಂದು ಸ್ಕ್ರಿಪ್ಟ್, ಕಂಪ್ಯೂಟರಿನೊಳಗಿನ ಆದೇಶಗಳ ಪಟ್ಟಿ. ಒಂದು ಫೋಟೋಗೆ ಮಾಡಿದ್ದನ್ನೆಲ್ಲ ಸಾಲಾಗಿ ಬರೆದುಕೊಂಡು, ಉಳಿದ ಫೋಟೋಗಳಿಗೂ ಅದನ್ನೇ ಮಾಡುವುದು ನನ್ನ ಕಸುಬು. ಶಾಲೆಯೊಂದರ ಗುರುತಿನ ಚೀಟಿಗೆ ನೂರಾ ಎಂಬತ್ತಾರು ಫೋಟೋಗಳು ಸಂಜೆಯೊಳಗೆ ತಯಾರಾಗಬೇಕಿತ್ತು.

ನಾಗವೇಣಿ ಮೊದಲು ತೆರೆದದ್ದು ಒಂದನೇ ತರಗತಿಯ ತನುಶ್ರೀಯ ಮುಖ. ಅಂಚು ಕತ್ತರಿಸಿದಳು, ಬರೆದುಕೊಂಡೆ. ಬೆಳಕು ಹೆಚ್ಚಿಸಿದಳು, ಬರೆದುಕೊಂಡೆ. ಆಗ ಅವಳಿಗೆ, ಹುಡುಗಿಯ ಅಜ್ಜಿ ಬೆಳಿಗ್ಗೆ ಸ್ಟುಡಿಯೊ ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಾಯಿತು: "ಅವಸರದಾಗೆ ದೃಷ್ಟಿಬೊಟ್ಟು ಇಡೋದೇ ಮರ್ತೆ ಕಣವ್ವ. ಫೋಟೋದಾಗಾದ್ರೂ ಇಡು." ನಾಗವೇಣಿ ಎಡಗೆನ್ನೆಗೆ ಕಡಲೆಯಷ್ಟು ಕಪ್ಪು ಬೊಟ್ಟಿಟ್ಟಳು. ಅದನ್ನೂ ಬರೆದುಕೊಂಡೆ. ಅದು ಒಬ್ಬಳಿಗೆ ಮಾತ್ರ ಎಂದು ನನಗೇನು ಗೊತ್ತು?

ನಾಲ್ಕೇ ನಿಮಿಷ. ಮಿಕ್ಕ ಎಲ್ಲರಿಗೂ ಶ್ರದ್ಧೆಯಿಂದ ಬೊಟ್ಟಿಟ್ಟೆ. ತಲೆ ವಾಲಿಸಿ ಕೂತವರಿಗೆ ಅದು ಮೂಗಿನ ತುದಿಗೆ ಬಿತ್ತು. ಕೆಲಸ ಇಷ್ಟು ಬೇಗ ಮುಗಿಯಿತಲ್ಲ ಎಂಬ ಖುಷಿಯಲ್ಲಿ ನಾಗವೇಣಿ ತಿರುಗಿ ನೋಡದೆ ಪ್ರಿಂಟಿಗೆ ಕೊಟ್ಟಳು.

ಸಂಜೆ ಮುಖ್ಯೋಪಾಧ್ಯಾಯ ಪಾಲಾಕ್ಷಪ್ಪನವರು ಬಂದು ಹಾಳೆ ಎತ್ತಿಕೊಂಡರು. ಅವರ ಫೋಟೋವೂ ಅದರಲ್ಲಿತ್ತು. ಕನ್ನಡಕ ಮೇಲೇರಿಸಿ ನೋಡಿದರು.

"ಏನ್ ಜಹೀರ್, ಈ ಬೋಳುತಲೆಗೂ ದೃಷ್ಟಿ ಆಗ್ತದೇನಯ್ಯ?"

ಜಹೀರಣ್ಣ ತಡವರಿಸಿ, "ಕಂಪ್ಯೂಟರ್ ಕೈ ಕೊಟ್ಟೈತೆ ಸಾರ್. ಹಳೇದು" ಎಂದರು.

ನಾಗವೇಣಿ ಸುಮ್ಮನಿರಬಹುದಿತ್ತು. ಅದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಮೇಜಿನ ಮೇಲಿದ್ದ ಕತ್ತರಿಯನ್ನು ಒಮ್ಮೆ ನೋಡಿ, "ಕಂಪ್ಯೂಟರ್ ತಪ್ಪಲ್ಲ ಸಾರ್. ನಾನು ಹೇಳ್ಕೊಟ್ಟಂಗೇ ಮಾಡೈತೆ. ನೀವು ಟೀ ಕುಡಿಯೋದ್ರೊಳಗೆ ಸರಿಮಾಡ್ತೀನಿ" ಎಂದಳು.

"ಇವಳಿಗೆ ಮಾತೂ ಬರ್ತದಾ?" ಎಂದರು ಜಹೀರಣ್ಣ.

ಮೂಲ ಫೋಟೋಗಳು ಬೇರೆ ಕಡೆ ಭದ್ರವಾಗಿದ್ದವು. ನಾಗವೇಣಿ ನನ್ನೊಳಗಿನ ಬೊಟ್ಟಿನ ಸಾಲನ್ನು ಅಳಿಸಲಿಲ್ಲ. ನಾನು ಅದನ್ನು ಬಿಟ್ಟು ಮುಂದೆ ಹೋಗುವಂತೆ ಅದರ ಮುಂದಿದ್ದ ಟಿಕ್ ಗುರುತನ್ನಷ್ಟೇ ತೆಗೆದಳು. ಲೋಟ ಖಾಲಿಯಾಗುವ ಮೊದಲೇ ನಾನು ಮುಗಿಸಿದ್ದೆ. ತನುಶ್ರೀಯ ಬೊಟ್ಟು ಮಾತ್ರ ಉಳಿಯಿತು. ಪಾಲಾಕ್ಷಪ್ಪನವರು ತಮ್ಮ ಬೊಟ್ಟಿನ ಫೋಟೋ ಕತ್ತರಿಸಿಕೊಂಡು, "ನಮ್ಮನೆಯವಳಿಗೆ ತೋರಿಸ್ಬೇಕು, ನನ್ ಬೆಲೆ ಗೊತ್ತಾಗ್ಲಿ" ಎಂದು ಜೇಬಿಗಿಟ್ಟರು. ಅವರು ಕೆಳಗಿಟ್ಟ ಕತ್ತರಿಯನ್ನು ಜಹೀರಣ್ಣ ತಮ್ಮ ಕಡೆಗೆ ಎಳೆದುಕೊಂಡು ಮಿಕ್ಕ ಫೋಟೋ ಕತ್ತರಿಸತೊಡಗಿದರು.

ಹನ್ನೊಂದು ವರ್ಷ ಆ ಕುರ್ಚಿ ನಾಗವೇಣಿಯದೇ. ಎಷ್ಟೋ ಸಾವಿರ ಮುಖಗಳು ನನ್ನನ್ನು ಹಾದುಹೋದವು. ಆ ಟಿಕ್ ಅನ್ನು ಅವಳು ಮತ್ತೆ ಹಾಕಿದ್ದು ಒಂದೇ ಸಲ, ತನ್ನ ಮಗಳ ಅಂಗನವಾಡಿ ಫೋಟೋಗೆ. ಅಂಚು, ಬೆಳಕು, ಅಳತೆ ಯಾರು ಬೇಕಾದರೂ ಕಲಿಸಿಯಾರು. ಬೊಟ್ಟಿಡಲು ನನಗೆ ಕಲಿಸಿದವಳು ಅವಳೊಬ್ಬಳೇ.

ಇವತ್ತು ಹೊಸ ಕಂಪ್ಯೂಟರ್ ಬಂದಿದೆ. ಒಂದು ಫೋಟೋ ಮಾಡಿ ತೋರಿಸದಿದ್ದರೂ ಎಲ್ಲ ತಾನೇ ಮಾಡುತ್ತದಂತೆ. ಬೇಕಾದ್ದನ್ನು ಪೆನ್‌ಡ್ರೈವಿಗೆ ಆರಿಸಿ ಹಾಕಿದ ನಾಗವೇಣಿ, ಹಳೆಯ ಕೀಬೋರ್ಡನ್ನು ಕೊನೆಯ ಸಲ ಒರೆಸುತ್ತಿದ್ದಾಳೆ. ಮಾತಿಲ್ಲ.

ನಾಗವೇಣಿ, ನನ್ನನ್ನೂ ಪೆನ್‌ಡ್ರೈವಿಗೆ ಹಾಕಿಕೊ, ಬೊಟ್ಟಿನ ಸಾಲನ್ನು ಬಿಡದೆ.