ಕರಡಿಮರಿಯ ಅಳು

"ಅತ್ತುಬಿಡೇ ಒಂದ್ಸಲ," ಎನ್ನುತ್ತಾ ಚಿಕ್ಕಮ್ಮ ಅವಳ ಭುಜ ಹಿಡಿದು ಅಲುಗಿಸುತ್ತಲೇ ಇದ್ದಳು. "ಹೆತ್ತ ತಾಯಿ ಕಣೇ. ಹೀಗೆ ಕಲ್ಲಾಗಿ ಕೂತ್ರೆ ನೋಡೋರು ಏನಂದ್ಕೋತಾರೆ?"

ಅವಳು ತುಟಿ ಬಿಗಿಹಿಡಿದಳು. ನಡುಮನೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ಬಾಯಿ ತೆರೆದರೆ ಹೊರಬೀಳುವುದು ಯಾರ ಅಳು ಅನ್ನಿಸಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು.

ಬಾಗಿಲ ಬಳಿ ಅಮ್ಮ ದನಿ ಕೊಡುತ್ತಿದ್ದ ಸ್ಟುಡಿಯೋದವರು ನಿಂತಿದ್ದರು. ಕಾರ್ಟೂನುಗಳಲ್ಲಿ ತೋಳಕ್ಕೆ ದನಿ ಕೊಡುತ್ತಿದ್ದ ಮುದುಕ ಮೂಗೊರೆಸಿಕೊಂಡ. "ಅಜ್ಜಿ, ಕಪ್ಪೆ, ರಾಕ್ಷಸಿ, ಎಲ್ಲಾ ಅವಳೇ. ಒಂದಿನ ನಾನು ಬರೋದು ತಡ ಆಯ್ತು ಅಂತ ನನ್ನ ತೋಳಾನೂ ಮಾಡಿ ಮುಗಿಸಿದ್ಲು ಮಹಾತಾಯಿ!"

"ನಿನಗಿಂತ ಚೆನ್ನಾಗೇ ಇತ್ತು ಬಿಡಪ್ಪ," ಎಂದ ರೆಕಾರ್ಡಿಂಗ್ ಮಾಡುವವನು. "ಆದ್ರೆ ಆ ಕರಡಿಮರಿ ಅಳು! ಊರಿಗೆ ಊರೇ ಅತ್ತಿತಲ್ಲ. ಅದನ್ನ ಎಲ್ಲಿಂದ ತಂದ್ಲೋ!"

ಅಮ್ಮ ಎಲ್ಲಿಂದ ತಂದಳೆಂದು ಅವಳೊಬ್ಬಳೇ ಬಲ್ಲಳು.

*

ಏಳು ವರ್ಷದವಳಿದ್ದಾಗ ಬೆರಳು ಬಾಗಿಲಿಗೆ ಸಿಕ್ಕಿತ್ತು. ಓಡಿಹೋಗಿ ಅಮ್ಮನ ಸೊಂಟ ತಬ್ಬಿಕೊಂಡಳು. ಅಮ್ಮ ಎತ್ತಿಕೊಳ್ಳಲಿಲ್ಲ. ಅವಳನ್ನು ಬಿಡಿಸಿ ಎದುರಿಗೆ ನಿಲ್ಲಿಸಿ, ಮಂಡಿಯೂರಿ, ತಲೆ ವಾಲಿಸಿ ಅವಳ ಗಂಟಲನ್ನೇ ನೋಡಿದಳು. ಅಳು ತಗ್ಗಿದಾಗ, "ಆ ಬಿಕ್ಕಳಿಕೆ ಇನ್ನೊಂದ್ಸಲ ಬರ್ಲಿ, ಪುಟ್ಟಿ," ಎಂದಳು. ಅಮ್ಮನ ತುಟಿಗಳು ಸದ್ದಿಲ್ಲದೆ ಅವಳ ಜೊತೆಜೊತೆಗೇ ಅಳುತ್ತಿದ್ದವು. ಕಣ್ಣುಗಳು ಮಾತ್ರ ಒಣಗಿದ್ದವು.

ಆಮೇಲೆ ಟೀವಿಯಲ್ಲಿ, ತಾಯಿಯನ್ನು ಕಳೆದುಕೊಂಡ ಕರಡಿಮರಿಯೊಂದು ಅವಳ ಅಳುವನ್ನೇ ಅತ್ತಿತು. ಶಾಲೆಯಲ್ಲಿ ಅವಳು ಬಿದ್ದು ಅತ್ತ ದಿನ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಕರಡಿಮರಿ ನಕಲು ಮಾಡ್ತಾಳೆ ಕಣ್ರೇ!"

ಮನೆಗೆ ಬಂದು ಹೇಳಿದರೆ ಅಮ್ಮನ ಮುಖ ಅರಳಿತು. "ಹೌದಾ? ಅಷ್ಟು ಚೆನ್ನಾಗಿ ಬಂದಿದ್ಯಾ?"

ಅಂದಿನಿಂದ ಅವಳು ದಿಂಬು ಕಚ್ಚಿಕೊಂಡು ಅಳುವುದನ್ನು ಕಲಿತಳು.

*

"ಹೊತ್ತಾಯ್ತು, ಎತ್ತೋಣ," ಎಂದರು ಯಾರೋ.

ಅಮ್ಮನನ್ನು ಹೊಸ್ತಿಲು ದಾಟಿಸುವಾಗ ಅವಳ ಬಾಯಿ ತಾನಾಗಿಯೇ ತೆರೆದುಕೊಂಡಿತು. ಇಷ್ಟು ವರ್ಷ ಅದುಮಿಟ್ಟಿದ್ದ ಅಳು, ಬಿಕ್ಕಳಿಕೆ ಸಮೇತ, ಮನೆ ತುಂಬಿತು. ಹೊತ್ತವರು ಹಾಗೆಯೇ ನಿಂತರು.

"ಅಬ್ಬಾ, ಥೇಟ್ ಅವರಮ್ಮ ಮಾಡಿದ ಹಾಗೇ ಮಾಡ್ತಾಳಲ್ಲ!" ಎಂದು ತೋಳದ ಮುದುಕ ಬೆರಗಾದ.

ಹಿಂದೆ ಯಾರೋ ಕೆಮ್ಮಿದರು. ರೆಕಾರ್ಡಿಂಗ್‌ನವನು ಕಣ್ಣು ಮುಚ್ಚಿಕೊಂಡೇ, ಸದ್ದು ಮಾಡಬೇಡಿರೆಂದು ಕೈ ಎತ್ತಿದ.